ಇನ್ನೂರು ಗಂಟೆಯ ಲಾಗ್‌ಬುಕ್ ಮತ್ತು ಮೊದಲ ಏರ್‌ಲೈನ್ ಕೆಲಸ

(ಮಂಗಳೂರಿನಲ್ಲಿ ಹೊಸ ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್, ಪಡೆದವರು, ಫ್ಲೈಯಿಂಗ್ ಸ್ಕೂಲಿನ ವಿದ್ಯಾರ್ಥಿಗಳು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಲೈಸೆನ್ಸ್ ಕೈಗೆ ಬಂದವರಿದ್ದೀರಿ, ನಡುವೆ ಇನ್ನೂ ಹಾರಾಟ ಕಲಿಯುತ್ತಿರುವವರು, ಹಿಂದೆ ಅಪ್ಪ ಅಮ್ಮಂದಿರು. ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಲೈಸೆನ್ಸ್ ಆಯಿತು, ಇನ್ನು ಕೆಲಸ ಸಿಗುವುದು ಹೇಗೆ? ನೇರವಾಗಿ ಅಲ್ಲಿಗೇ ಹೋಗೋಣ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಸಿಪಿಎಲ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ ಪೈಲಟ್ ಇನ್ ಕಮಾಂಡ್ (ಪಿಐಸಿ, ವಿಮಾನದ ಹೊಣೆ ಹೊತ್ತವರು) ಆಗಿ 100 ಗಂಟೆ, ಕ್ರಾಸ್ ಕಂಟ್ರಿ (ಒಂದು ಊರಿನಿಂದ ಇನ್ನೊಂದಕ್ಕೆ ಹಾರಾಟ) 20 ಗಂಟೆ, ಅದರೊಳಗೆ 300 ನಾಟಿಕಲ್ ಮೈಲಿನ ಒಂದು ದೂರದ ಹಾರಾಟ, ರಾತ್ರಿ ಹಾರಾಟ 5 ಗಂಟೆ, ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್. ಅಂದರೆ ಅರ್ಜಿ ಹಾಕುವ ಪ್ರತಿಯೊಬ್ಬರ ಹಾರಾಟದ ದಾಖಲೆ ಪುಸ್ತಕ, ಅಂದರೆ ಲಾಗ್‌ಬುಕ್ಕೂ, ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಅಮೆರಿಕದಲ್ಲಿ 2009ರ ಕೋಲ್ಗನ್ ಏರ್ ಅಪಘಾತದ ನಂತರ ಏರ್‌ಲೈನ್ ಕಾಕ್‌ಪಿಟ್‌ಗೆ ಬರಲು ಸಾಮಾನ್ಯವಾಗಿ 1,500 ಗಂಟೆ ಬೇಕೆಂಬ ನಿಯಮ ಬಂತು. ಇಲ್ಲಿ ಹಾಗಿಲ್ಲ. 200 ಗಂಟೆಯವರು ನೇರವಾಗಿ ಜೆಟ್ ವಿಮಾನದ ಬಲಗಡೆಯ ಸೀಟಿಗೆ, ಅಂದರೆ ಸಹ ಪೈಲಟ್ ಆಗಿ, ಬರಬಹುದು.

ಆದ್ದರಿಂದ ಆಯ್ಕೆ ಮಾಡುವವರು ನಿಮ್ಮಲ್ಲಿ ಅನುಭವ ಹುಡುಕಿಕೊಂಡು ಕೂರುವುದಿಲ್ಲ. ಅದು ನಿಮ್ಮಲ್ಲಿ ಇಲ್ಲವೆಂದು ಅವರಿಗೆ ಗೊತ್ತು. ಈ ಹುಡುಗ ಅಥವಾ ಹುಡುಗಿಗೆ ನಿಗದಿಯಾದ ಸಿಮ್ಯುಲೇಟರ್ ಪಾಠಗಳೊಳಗೆ ಕಲಿಸಲು ಆಗುತ್ತದೆಯೇ, ಕೊಟ್ಟ ಕಾಗದ ನಂಬುವಂಥದ್ದೇ, ಪಕ್ಕದ ಸೀಟಿನಲ್ಲಿ ಏನಾದರೂ ತಪ್ಪುತ್ತಿದ್ದರೆ ಬಾಯಿ ಬಿಟ್ಟು ಹೇಳುತ್ತಾರೆಯೇ ಎಂಬುದನ್ನು ನೋಡುತ್ತಾರೆ. ಯಕ್ಷಗಾನ ಮೇಳಕ್ಕೆ ಹೊಸದಾಗಿ ಸೇರಿದವರು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಕಟ್ಟುತ್ತಿದ್ದ ಕ್ರಮ ನಿಮಗೆ ಗೊತ್ತು. ಅಲ್ಲಿ ಅವರಿಂದ ದೊಡ್ಡ ಅರ್ಥಗಾರಿಕೆಯನ್ನು ಯಾರೂ ಬಯಸುವುದಿಲ್ಲ. ತಾಳ ತಪ್ಪದೆ ಕುಣಿಯುತ್ತಾರೆಯೇ, ಹೇಳಿಕೊಟ್ಟದ್ದನ್ನು ಮರುದಿನ ತಿದ್ದಿಕೊಳ್ಳುತ್ತಾರೆಯೇ ಎಂದು ಹಿರಿಯರು ಗಮನಿಸುತ್ತಾರೆ. ಇಲ್ಲಿಯೂ ಅಷ್ಟೇ.

ಏರ್‌ಲೈನ್ ಒಳಗೆ ಹೋಗಲು ಮೂರು ದಾರಿಗಳಿವೆ. ಒಂದು, ಏರ್‌ಲೈನ್‌ಗಳ ಕೆಡೆಟ್ ಕಾರ್ಯಕ್ರಮ. ಪಿಯುಸಿ ಮುಗಿಸಿದವರನ್ನು ಮೊದಲೇ ಪರೀಕ್ಷಿಸಿ ಆರಿಸಿ, ತಾವು ಗೊತ್ತುಮಾಡಿದ ಶಾಲೆಯಲ್ಲಿ ಕಲಿಸಿ, ಕೊನೆಗೆ ಟೈಪ್ ರೇಟಿಂಗ್, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಮಾಡಿಸುತ್ತಾರೆ. ಖರ್ಚು ದೊಡ್ಡದು, ಆದರೆ ದಾರಿ ಸ್ಪಷ್ಟ. ಎರಡು, ಸಿಪಿಎಲ್ ಇದ್ದು ಟೈಪ್ ರೇಟಿಂಗ್ ಇಲ್ಲದವರನ್ನು ಏರ್‌ಲೈನ್ ಆರಿಸಿ ತಾನೇ ತರಬೇತಿಗೆ ಕಳಿಸುವುದು. ಮೂರು, ಸ್ವಂತ ಹಣದಿಂದ ಏರ್‌ಬಸ್ 320, ಬೋಯಿಂಗ್ 737 ಅಥವಾ ಎಟಿಆರ್ 72ರ ಟೈಪ್ ರೇಟಿಂಗ್ ಮಾಡಿಸಿಕೊಂಡು, ಅದು ಇದ್ದವರನ್ನೇ ಕರೆಯುವ ಜಾಹೀರಾತಿಗೆ ಅರ್ಜಿ ಹಾಕುವುದು.

ಮೂರನೆಯ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮನೆಯವರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಟೈಪ್ ರೇಟಿಂಗ್ ಒಂದೇ ಮಾದರಿಯ ವಿಮಾನಕ್ಕೆ ಸೇರಿದ್ದು. ಆ ವಿಮಾನ ಹಾರಿಸದೆ ಕೂತರೆ ಅದಕ್ಕೆ ತುಕ್ಕು ಹಿಡಿಯುತ್ತದೆ. ಏರ್‌ಲೈನ್‌ನಲ್ಲಿ ಕೆಲಸದಲ್ಲಿರುವವರೇ 6 ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪ್ರೊಫಿಶಿಯನ್ಸಿ ಚೆಕ್ ಕೊಡಬೇಕು. ಕೆಲಸವಿಲ್ಲದವರು ಅದೇ ಚೆಕ್ಕನ್ನು ಕೈಯಿಂದ ಹಣ ಕೊಟ್ಟು ಮಾಡಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಅಪಾಯ ಮಾರುಕಟ್ಟೆಯದು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ 737 ಹಾರಿಸುತ್ತಿದ್ದ ಅನುಭವಿಗಳು ಕೆಲಸ ಹುಡುಕಲು ಬಂದರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಾಗ ಏರ್‌ಬಸ್‌ನವರು ಬಂದರು. ಸಾವಿರಾರು ಗಂಟೆ ಹಾರಿದವರ ಜೊತೆ ಅದೇ ಸಾಲಿನಲ್ಲಿ ಸಿಮ್ಯುಲೇಟರ್ ಮಾತ್ರ ನೋಡಿದ ಹೊಸಬರು ನಿಲ್ಲಬೇಕಾಯಿತು. ಹಾಗಾಗಿ ನಮ್ಮ ಸಲಹೆ ಗಟ್ಟಿಯಾಗಿಯೇ ಇದೆ: ಕೈಯಲ್ಲಿ ಆಯ್ಕೆ ಪತ್ರ ಇಲ್ಲದೆ, ಕಡೇಪಕ್ಷ ಆ ವಿಮಾನಕ್ಕೇ ನೇಮಕಾತಿ ನಡೆಯುತ್ತಿರುವುದು ಕಣ್ಣಿಗೆ ಕಾಣದೆ, ಟೈಪ್ ರೇಟಿಂಗ್‌ಗೆ ಹಣ ಹಾಕಬೇಡಿ. ಇದನ್ನು ಮಾಡಿದರೆ ಕೆಲಸ ಖಂಡಿತ ಎಂದು ಯಾರಾದರೂ ಹೇಳಿದರೆ, ಅದನ್ನು ಏರ್‌ಲೈನ್‌ನ ಲೆಟರ್‌ಹೆಡ್‌ನಲ್ಲಿ ಬರೆದು ತೋರಿಸಲು ಕೇಳಿ.

ಅರ್ಜಿ ಹಾಕುವಾಗ ಜೆಟ್ ಮಾತ್ರ ಬೇಕೆಂಬ ಹಟವೂ ಬೇಡ. ಅಲಯನ್ಸ್ ಏರ್, ಗೋವಾ ಮೂಲದ ಫ್ಲೈ91, ಇಂಡಿಗೋದ ಒಂದು ವಿಭಾಗ, ಇವೆಲ್ಲ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ಹಾರಿಸುತ್ತವೆ. ಎಟಿಆರ್‌ನಲ್ಲಿ ಹಾರಾಟಗಳು ಚಿಕ್ಕವು, ದಿನಕ್ಕೆ ಲ್ಯಾಂಡಿಂಗ್ ಹೆಚ್ಚು, ಮಳೆ ಮೋಡದ ನಡುವೆಯೇ ಓಡಾಟ. ಹೊಸಬರ ಕೈ ಪಳಗಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಈಗ ಲಾಗ್‌ಬುಕ್. ಸಂದರ್ಶನ ಎಂದರೆ ಪ್ರಶ್ನೋತ್ತರ ಎಂದುಕೊಂಡಿರುತ್ತೀರಿ, ಆದರೆ ಅನೇಕ ಕಡೆ ನಿಮ್ಮ ಮೊದಲ ಪರೀಕ್ಷೆ ನೀವು ಕೋಣೆಯೊಳಗೆ ಹೋಗುವ ಮುನ್ನವೇ ಮುಗಿದಿರುತ್ತದೆ. ಒಬ್ಬರು ನಿಮ್ಮ ಲಾಗ್‌ಬುಕ್ ತಿರುವುತ್ತಿರುತ್ತಾರೆ. ಪುಟದ ಕೊನೆಯ ಮೊತ್ತ ಮುಂದಿನ ಪುಟದ ಮೇಲೆ ಹಾಗೆಯೇ ಬಂದಿದೆಯೇ? ಡ್ಯುಯಲ್ (ಬೋಧಕರ ಜೊತೆ ಕಲಿಯುತ್ತ ಹಾರಿದ್ದು) ಮತ್ತು ಪಿಐಸಿ ಸೇರಿದರೆ ಒಟ್ಟು ಸರಿಹೋಗುತ್ತದೆಯೇ? ಸಿಮ್ಯುಲೇಟರ್ ಗಂಟೆಗಳು ತಪ್ಪಿ ಹಾರಾಟದ ಕಾಲಂಗೆ ನುಸುಳಿವೆಯೇ? ಒಂದೇ ಹೊತ್ತಿಗೆ ಒಂದೇ ವಿಮಾನ ಎರಡು ಊರಿನಲ್ಲಿ ಇದ್ದಂತೆ ಬರೆದಿದೆಯೇ? 0.3 ಗಂಟೆ ಮತ್ತು 0:30 ಗಂಟೆಯ ನಡುವಿನ ಗೊಂದಲ ತೀರ ಸಾಮಾನ್ಯ. ದಶಮಾಂಶದಲ್ಲಿ 0.3 ಅಂದರೆ 18 ನಿಮಿಷ. 200 ಗಂಟೆಯ ಪುಸ್ತಕದಲ್ಲಿ ಇಂಥ ಹತ್ತು ತಪ್ಪಾದರೆ 2 ಗಂಟೆ ವ್ಯತ್ಯಾಸ ಬೀಳುತ್ತದೆ. ಬೇಕಾದ ಕನಿಷ್ಠಕ್ಕಿಂತ ಒಂದೆರಡು ಗಂಟೆ ಮಾತ್ರ ಹೆಚ್ಚಿದ್ದವರಿಗೆ ಅಷ್ಟೇ ಸಾಕು ಅರ್ಜಿ ಮರಳಲು.

ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಕಿನೊಂದಿಗೆ ಸಹಿ ಮಾಡಿ. ಹಳೆಯದು ಓದಲು ಸಿಗಬೇಕು. ಫ್ಲೈಯಿಂಗ್ ಸ್ಕೂಲ್ ಬಿಡುವ ಮುನ್ನ ಅಲ್ಲಿನ ಆಥರೈಸೇಶನ್ ಪುಸ್ತಕ, ವಿಮಾನದ ಟೆಕ್ ಲಾಗ್, ನಿಮ್ಮ ಲಾಗ್‌ಬುಕ್, ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ನಡೆಸುವ ಇಜಿಸಿಎ ಪೋರ್ಟಲ್‌ನಲ್ಲಿರುವ ಎಲೆಕ್ಟ್ರಾನಿಕ್ ದಾಖಲೆ, ಈ ನಾಲ್ಕನ್ನೂ ಎದುರಿಗಿಟ್ಟು ಸಾಲು ಸಾಲಾಗಿ ಹೋಲಿಸಿ. ಮುಖ್ಯ ಬೋಧಕರ ಸಹಿ, ಮುದ್ರೆ ಆಗಲೇ ಹಾಕಿಸಿಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಆ ಬೋಧಕರು ಬೇರೆ ಊರಿನಲ್ಲಿರುತ್ತಾರೆ.

ಹಾರದೆ ಬರೆದ ಗಂಟೆಗಳಿಗೆ ಈ ವೃತ್ತಿಯಲ್ಲಿ 'ಪಾರ್ಕರ್ ಪೆನ್ ಗಂಟೆ' ಎಂಬ ಹೆಸರೇ ಇದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪ್ರಕರಣಗಳು ಹೊರಬಂದು, ಬಂಧನಗಳೂ ಆದವು. ಕಾಗದದ ವಿಷಯದಲ್ಲಿ ಪರಿಶೀಲನೆ ಬಿಗಿ ಇರುವುದು ಸುಮ್ಮನೆ ಅಲ್ಲ. ಪೆನ್ನಿನಲ್ಲಿ ಗಳಿಸಿದ ಗಂಟೆ ಸಿಮ್ಯುಲೇಟರ್‌ನ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ವಿದೇಶದಲ್ಲಿ ಕಲಿತು ಬಂದವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಬೋಧಕರ ಜೊತೆ ಹಾರಿದ ಕೆಲವು ಗಂಟೆಗಳನ್ನೂ ಪಿಐಸಿ ಎಂದು ಬರೆಯಲು ಅಲ್ಲಿನ ನಿಯಮ ಬಿಡುತ್ತದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದೂರದ ಕ್ರಾಸ್ ಕಂಟ್ರಿಯ ಅಳತೆಯೂ ಬೇರೆ. ಅಲ್ಲಿಂದ ಹೊರಡುವ ಮುಂಚೆ ಇಲ್ಲಿನ ನಿಯಮ ಕೈಯಲ್ಲಿ ಹಿಡಿದು ಲೆಕ್ಕ ಹಾಕಿ. ಊರಿಗೆ ಬಂದ ಮೇಲೆ ಹತ್ತು ಗಂಟೆ ಕಡಿಮೆ ಎಂದು ಗೊತ್ತಾದರೆ ವಿಮಾನ, ಬೋಧಕ, ಹವಾಮಾನ ಮೂರಕ್ಕೂ ಕಾಯಬೇಕು. ಇಲ್ಲಿನ ಏರ್ ರೆಗ್ಯುಲೇಶನ್ಸ್ ಪರೀಕ್ಷೆ, ನ್ಯಾವಿಗೇಶನ್ ಮತ್ತು ಮೀಟಿಯರಾಲಜಿ ಸೇರಿದ ಕಾಂಪೊಸಿಟ್ ಪೇಪರ್ ಹೇಗೂ ಬರೆಯಬೇಕು, ತೇರ್ಗಡೆಗೆ ನೂರಕ್ಕೆ 70.

ನಮ್ಮ ಕರಾವಳಿಯವರಿಗೆ ವಿಶೇಷವಾಗಿ ಕಾಡುವ ತೊಂದರೆ ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಊರಿನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಕೆಲವೊಮ್ಮೆ ಅಪ್ಪನ ಹೆಸರಾಗಿ. ಶೆಟ್ಟಿ, ಪೂಜಾರಿ, ಭಟ್, ಡಿಸೋಜ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲ. ಡಿಜಿಸಿಎ ಕಂಪ್ಯೂಟರ್ ನಂಬರ್ (ಪರೀಕ್ಷೆ ಬರೆಯಲು ಕೊಡುವ ಗುರುತಿನ ಸಂಖ್ಯೆ), ಲೈಸೆನ್ಸ್, ಮೆಡಿಕಲ್, ವಿಮಾನ ನಿಲ್ದಾಣದ ಪ್ರವೇಶ ಪಾಸ್‌ಗೆ ಬೇಕಾದ ಹಿನ್ನೆಲೆ ತಪಾಸಣೆ, ಎಲ್ಲವೂ ಹೆಸರು ಮತ್ತು ಹುಟ್ಟಿದ ದಿನದ ಮೇಲೆ ನಿಂತಿವೆ. ಕಂಪ್ಯೂಟರ್ ನಂಬರ್‌ಗೆ ಅರ್ಜಿ ಹಾಕುವ ಮುನ್ನವೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿ. ಆಗಲೇ ತಪ್ಪಿಹೋಗಿದ್ದರೆ ತಿದ್ದುಪಡಿಗೆ ಇಂದೇ ಹೊರಡಿ. ಆಯ್ಕೆಯಾದ ಮೇಲೆ ತರಬೇತಿ ಬ್ಯಾಚ್ ನಿಮ್ಮ ಅಫಿಡವಿಟ್‌ಗಾಗಿ ಕಾಯುವುದಿಲ್ಲ.

ಇನ್ನು ತಾರೀಕುಗಳು. ಸಿಪಿಎಲ್‌ನ ಅವಧಿಯನ್ನು 2023ರಲ್ಲಿ 5 ವರ್ಷದಿಂದ 10 ವರ್ಷಕ್ಕೆ ಏರಿಸಿದರು. ಅದನ್ನು ಕೇಳಿ ಹಾಯಾಗಿ ಕೂತವರಿದ್ದಾರೆ. ಆದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್, ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅರ್ಹತೆ) ಇದರ ಚೆಕ್ 12 ತಿಂಗಳಿಗೆ ಮುಗಿಯುತ್ತದೆ. 40 ವರ್ಷದೊಳಗಿನವರಿಗೆ ಕ್ಲಾಸ್ 1 ಮೆಡಿಕಲ್ (ವೃತ್ತಿ ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ) ಕೂಡ 12 ತಿಂಗಳು. ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಲೆವೆಲ್ 4 ಬಂದಿದ್ದರೆ 3 ವರ್ಷ, ಲೆವೆಲ್ 5 ಆದರೆ 6 ವರ್ಷ, ಲೆವೆಲ್ 6 ಆದರೆ ಮತ್ತೆ ಪರೀಕ್ಷೆ ಕೊಡಬೇಕಾಗಿಲ್ಲ. ಜಾಹೀರಾತು ಬಂದ ದಿನ ಇವೆಲ್ಲ ಜೀವಂತ ಇರಬೇಕು. 'ರಿನ್ಯೂವಲ್‌ಗೆ ಕೊಟ್ಟಿದ್ದೇನೆ' ಎಂಬ ಕಾಲಂ ಅರ್ಜಿಯಲ್ಲಿ ಇರುವುದಿಲ್ಲ.

ಐಆರ್ ನವೀಕರಣದಲ್ಲಿ ಎಡವುವುದು ಹೇಗೆಂದರೆ, ಕೊನೆಯ ವಾರಕ್ಕೆ ಬಿಡುತ್ತಾರೆ. ಮಲ್ಟಿ ಎಂಜಿನ್ ವಿಮಾನ ಹೆಚ್ಚಿನ ಶಾಲೆಗಳಲ್ಲಿ ಒಂದೋ ಎರಡೋ. ಅದು ಬಿಡಿಭಾಗಕ್ಕಾಗಿ ಹ್ಯಾಂಗರ್‌ನಲ್ಲಿ ನಿಂತರೆ ನಿಮ್ಮ ಸರದಿಯೂ ಅಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಕಾಯುವಿಕೆ ಇನ್ನೂ ಹೆಚ್ಚು. ಅವಧಿ ಮುಗಿಯುವ 3 ತಿಂಗಳ ಮೊದಲೇ ಸರದಿ ಹಿಡಿಯಿರಿ. ಸಾಧ್ಯವಾದರೆ ಮಳೆಗಾಲ ಶುರುವಾಗುವ ಮೊದಲು ಮುಗಿಸಿ.

ಮೆಡಿಕಲ್ ಬಗ್ಗೆ ಇನ್ನೂ ಫ್ಲೈಯಿಂಗ್ ಶುರು ಮಾಡದವರಿಗೆ ಹೇಳುತ್ತೇವೆ: ಕ್ಲಾಸ್ 2 ಮುಗಿಸಿ, ನಂತರ ಕ್ಲಾಸ್ 1 ಪಾಸಾಗಿ, ಆಮೇಲೆ ಶುಲ್ಕ ಕಟ್ಟಿ. ಕ್ಲಾಸ್ 1 ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು, ನಮಗೆ ಒಂದು ರಾತ್ರಿಯ ಬಸ್ಸಿನ ದಾರಿ. ಬಣ್ಣ ಗುರುತಿಸುವಲ್ಲಿ ದೋಷ ಇದ್ದರೆ ಅದು ತೋಟ ಅಡವಿಟ್ಟ ಮೇಲೆ ಗೊತ್ತಾಗಬಾರದು.

ಬಯೋಡೇಟಾ ಒಂದೇ ಪುಟ. ಮೇಲೆ ಹೆಸರು, ಫೋನ್, ಇಮೇಲ್. ಅದರ ಕೆಳಗೇ ಒಂದು ಚಿಕ್ಕ ಕೋಷ್ಟಕ: ಒಟ್ಟು ಗಂಟೆ, ಪಿಐಸಿ, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್, ರಾತ್ರಿ, ಹಾರಿಸಿದ ವಿಮಾನಗಳು, ಕೊನೆಯ ಹಾರಾಟದ ತಾರೀಕು. ನಂತರ ಲೈಸೆನ್ಸ್, ಐಆರ್, ಎಫ್‌ಆರ್‌ಟಿಒಎಲ್ (ವಿಮಾನದ ರೇಡಿಯೊ ಬಳಸುವ ಲೈಸೆನ್ಸ್), ಮೆಡಿಕಲ್, ಭಾಷಾ ಲೆವೆಲ್, ಪಾಸ್‌ಪೋರ್ಟ್, ಪ್ರತಿಯೊಂದರ ಮುಂದೆ ಮುಗಿಯುವ ದಿನ. ಪರೀಕ್ಷೆಗಳಲ್ಲಿ ಎಷ್ಟನೇ ಸಲಕ್ಕೆ ಪಾಸಾದಿರಿ ಎಂದು ಕೇಳಿದರೆ ಇದ್ದದ್ದನ್ನೇ ಬರೆಯಿರಿ. ನ್ಯಾವಿಗೇಶನ್ ಮೂರನೇ ಸಲಕ್ಕೆ ಪಾಸಾದವರು ಅದಕ್ಕಾಗಿಯೇ ಹೊರಬೀಳುವುದು ಅಪರೂಪ, ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಉಳಿಗಾಲವಿಲ್ಲ. ಅರ್ಜಿ ಏರ್‌ಲೈನ್‌ನ ಸ್ವಂತ ನೇಮಕಾತಿ ಪುಟದಲ್ಲೇ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಆಫರ್ ಲೆಟರ್ ಕಳಿಸಿ 'ಸೆಕ್ಯುರಿಟಿ ಡೆಪಾಸಿಟ್' ಕೇಳುವವರ ಕರೆ ಅಲ್ಲಿಗೇ ಕಡಿದುಬಿಡಿ.

ಆಯ್ಕೆಯ ಹಂತಗಳು ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಬೇರೆ. ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಕಂಪ್ಯೂಟರ್ ಮೇಲೆ ಕೈ ಕಣ್ಣು ಗಮನ ಅಳೆಯುವ ಪರೀಕ್ಷೆ, ಗುಂಪು ಚಟುವಟಿಕೆ, ಸಿಮ್ಯುಲೇಟರ್, ಸಂದರ್ಶನ ಇರುತ್ತವೆ. ಲಿಖಿತದಲ್ಲಿ ಸಿಪಿಎಲ್ ಮಟ್ಟ ಸಾಲದು, ಎಟಿಪಿಎಲ್ (ಮುಂದೆ ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸ್) ಪುಸ್ತಕ ಓದಿ. ಅದರಿಂದ ಇನ್ನೊಂದು ಲಾಭವಿದೆ: ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಬೇಕಾದರೂ ಓದು ಈಗಲೇ ಮುಗಿಯುತ್ತದೆ.

ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172ರಿಂದ ಬಂದವರು ಏಕೆ ಮುಗ್ಗರಿಸುತ್ತಾರೆ? ಎಲ್ಲ ವೇಗವಾಗಿ ನಡೆಯುತ್ತದೆ, ಆದರೆ ವಿಮಾನ ನಿಧಾನವಾಗಿ ಸ್ಪಂದಿಸುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಬರುವಾಗ ನೆಲದ ವೇಗವನ್ನು (ನಾಟ್‌ನಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲು) 5ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬುದು ಸಿಗುತ್ತದೆ. ಸೆಸ್ನಾದಲ್ಲಿ 90 ನಾಟ್‌ಗೆ 450 ಅಡಿ, ಜೆಟ್‌ನಲ್ಲಿ 140 ನಾಟ್‌ಗೆ 700 ಅಡಿ. ಎಷ್ಟು ದೂರದಿಂದ ಇಳಿಯಲು ತೊಡಗಬೇಕು? ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲು. 30,000 ಅಡಿ ಕಳೆಯಬೇಕಾದರೆ 90 ನಾಟಿಕಲ್ ಮೈಲು, ವೇಗ ತಗ್ಗಿಸಲು ಇನ್ನೊಂದಿಷ್ಟು. ಈ ಲೆಕ್ಕ ಬಾಯಿಪಾಠ ಇದ್ದರೆ ತಲೆ ಖಾಲಿ ಇರುತ್ತದೆ, ಮಿಕ್ಕದ್ದನ್ನು ಯೋಚಿಸಬಹುದು.

ಇಳಿಜಾರಿನ ಹಾದಿ ತೋರಿಸುವ ಗ್ಲೈಡ್‌ಸ್ಲೋಪ್ ಸೂಜಿ ಮೇಲೆ ಹೋದ ತಕ್ಷಣ ಮೂತಿ ಎತ್ತಿ, ಕೆಳಗೆ ಬಂದ ತಕ್ಷಣ ಅದುಮಿ ಓಡುವುದನ್ನೇ ಸೂಜಿ ಬೆನ್ನಟ್ಟುವುದು ಅನ್ನುತ್ತಾರೆ. ಮೊದಲು ಪಿಚ್ (ಮೂತಿಯ ಕೋನ) ಮತ್ತು ಪವರ್ ಗೊತ್ತಾದ ಅಂಕಿಗೆ ಇಡಿ, ಕೈ ಸಡಿಲಿಸಿದರೂ ಹಾಗೆಯೇ ನಿಲ್ಲುವಂತೆ ಟ್ರಿಮ್ ಮಾಡಿ, ಎರಡು ಸೆಕೆಂಡು ಕಾಯಿರಿ, ಆಮೇಲೆ ಸಣ್ಣದಾಗಿ ತಿದ್ದಿ. ಹೋಲ್ಡಿಂಗ್ (ಸರದಿ ಕಾಯುತ್ತ ಆಕಾಶದಲ್ಲೇ ಸುತ್ತುವುದು) ಸೇರುವ ಮೂರು ಬಗೆಯನ್ನೂ, ಅದರ ಹೊರಹೋಗುವ ಹಾದಿ 14,000 ಅಡಿಯವರೆಗೆ 1 ನಿಮಿಷ, ಅದರ ಮೇಲೆ ಒಂದೂವರೆ ನಿಮಿಷ ಎಂಬುದನ್ನೂ ಮನೆಯಲ್ಲಿ ಕಾಗದದ ಮೇಲೆ ಬಿಡಿಸಿ ರೂಢಿ ಮಾಡಿಕೊಳ್ಳಿ. ಪರೀಕ್ಷಕರು ಒಂದು ತಪ್ಪು ತೋರಿಸಿ ಅದನ್ನೇ ಮತ್ತೆ ಮಾಡಿಸುತ್ತಾರೆ. ಮೊದಲ ಸಲದ ತಪ್ಪಿಗಿಂತ ಎರಡನೇ ಸಲದ ಸುಧಾರಣೆಗೆ ಅಂಕ ಹೆಚ್ಚು.

ಸಂದರ್ಶನದಲ್ಲಿ 'ನಿಮ್ಮ ಊರಿನ ವಿಮಾನ ನಿಲ್ದಾಣದ ಬಗ್ಗೆ ಹೇಳಿ' ಎಂದರೆ ಮಂಗಳೂರಿನವರು ತಡವರಿಸಬಾರದು. ಬಜಪೆಯ ದೊಡ್ಡ ರನ್‌ವೇ 06 ಮತ್ತು 24, ಉದ್ದ 2,450 ಮೀಟರ್, ಗುಡ್ಡದ ತಲೆಯ ಮೇಲೆ, ಸಮುದ್ರ ಮಟ್ಟದಿಂದ 300 ಅಡಿಗಿಂತ ಸ್ವಲ್ಪ ಎತ್ತರ. ಜುಲೈಯ ಒಂದು ಬೆಳಗಿನ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಎದುರಿಗಿಡುತ್ತಾರೆ ಎಂದುಕೊಳ್ಳಿ: ಗಾಳಿ 300 ಡಿಗ್ರಿಯಿಂದ 20 ನಾಟ್, ಗೋಚರತೆ 2,000 ಮೀಟರ್, ಮಳೆ, 1,000 ಅಡಿಯಲ್ಲಿ ಬ್ರೋಕನ್ (ಆಕಾಶದ ಅರ್ಧಕ್ಕಿಂತ ಹೆಚ್ಚು ಮುಚ್ಚಿದ) ಮೋಡ, ಉಷ್ಣತೆ 26, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 25. ರನ್‌ವೇ 24 ಅಂದರೆ 240 ಡಿಗ್ರಿ ದಿಕ್ಕು, ಅದಕ್ಕೆ ಗಾಳಿಯ ಕೋನ 60 ಡಿಗ್ರಿ, ಆದ್ದರಿಂದ ಅಡ್ಡಗಾಳಿ ಸುಮಾರು 17 ನಾಟ್, ಎದುರುಗಾಳಿ 10. ಮೆಟಾರ್‌ನ ಮೋಡದ ಎತ್ತರ ನಿಲ್ದಾಣದ ನೆಲದಿಂದ, ಆದರೆ ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ) ಇಟ್ಟ ಆಲ್ಟಿಮೀಟರ್, ಅಂದರೆ ಎತ್ತರ ಮಾಪಕ, ತೋರಿಸುವುದು ಸಮುದ್ರ ಮಟ್ಟದಿಂದ. ಹಾಗಾಗಿ ಮೋಡದಿಂದ ಹೊರಬರುವಾಗ ಆಲ್ಟಿಮೀಟರ್‌ನಲ್ಲಿ ಸುಮಾರು 1,300 ಅಡಿ ಇರುತ್ತದೆ. ಉಷ್ಣತೆ ಮತ್ತು ಡ್ಯೂ ಪಾಯಿಂಟ್ ನಡುವೆ ಒಂದೇ ಡಿಗ್ರಿ ಅಂತರ, ಮಂಜು ಕವಿಯುವ ಸೂಚನೆ. ಇಳಿಯಲಾಗದಿದ್ದರೆ ಎಲ್ಲಿಗೆ? ಕಣ್ಣೂರು, ಕೋಯಿಕ್ಕೋಡ್ ಹತ್ತಿರ, ಆದರೆ ಅಲ್ಲಿ ಸುರಿಯುವುದೂ ಇದೇ ಮಳೆ. ಘಟ್ಟದ ಆಚೆಯ ಬೆಂಗಳೂರಿನ ಆಕಾಶ ಬೇರೆ. ಇಂಧನದ ಲೆಕ್ಕ ಈ ಯೋಚನೆಯಿಂದ ಶುರುವಾಗಬೇಕು. ಹೀಗೆ ಒಂದು ಮೆಟಾರ್‌ನಿಂದ ನಿರ್ಧಾರದವರೆಗೆ ಬಾಯಲ್ಲಿ ಹೇಳುತ್ತಾ ಹೋಗುವುದನ್ನು ದಿನಾ ರೂಢಿ ಮಾಡಿ, ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. ವಿಷಯ ಗೊತ್ತಿದ್ದೂ ನಮ್ಮ ಮಕ್ಕಳು ಸೋಲುವುದು ತುಳುವಿನಲ್ಲೋ ಕನ್ನಡದಲ್ಲೋ ಯೋಚಿಸಿ ಹೇಳುವಾಗ ತಡೆಯುವುದರಿಂದ.

ಬಜಪೆಯ ಮಾತು ಬಂದ ಮೇಲೆ 2010ರ ಮೇ 22ನ್ನು ಬಿಟ್ಟು ಮುಂದೆ ಹೋಗಲಾಗದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ 24ರ ಕೊನೆ ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಈ ಸಭೆಯಲ್ಲಿಯೂ ಅಂದು ತಮ್ಮವರನ್ನು ಕಳೆದುಕೊಂಡವರು ಇರಬಹುದು, ಗೌರವದಿಂದಲೇ ಹೇಳುತ್ತೇವೆ. ವಿಮಾನ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದು, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಒಳಗೆ ನೆಲ ಮುಟ್ಟಿತು. ಫಸ್ಟ್ ಆಫೀಸರ್ (ಸಹ ಪೈಲಟ್) ಮೂರು ಸಲ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರೋಣ, ಎಂದು ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ಗೋ-ಅರೌಂಡ್ ಆರಂಭಿಸಲು ಸಹ ಪೈಲಟ್‌ಗೆ ಇರುವ ಅಧಿಕಾರದ ಬಗ್ಗೆ ಸೂಚನೆಗಳಲ್ಲಿದ್ದ ಅಸ್ಪಷ್ಟತೆಯಿಂದ ಅವರು ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲವೇನೋ ಎಂದು ತನಿಖಾ ವರದಿ ಹೇಳಿತು.

ನೀವು ಅರ್ಜಿ ಹಾಕುತ್ತಿರುವುದು ಆ ಬಲಗಡೆಯ ಸೀಟಿಗೆ. ಆದ್ದರಿಂದ 'ಕ್ಯಾಪ್ಟನ್ನರ ಅಪ್ರೋಚ್ (ಇಳಿಯಲು ಬರುವ ಹಾದಿ) ಸ್ಥಿರವಾಗಿಲ್ಲ, ಆದರೂ ಅವರು ಮುಂದುವರಿಯುತ್ತಿದ್ದಾರೆ, ಏನು ಮಾಡುತ್ತೀರಿ?' ಎಂಬ ಪ್ರಶ್ನೆಗೆ ತಯಾರಾಗಿರಿ. 'ಹಿರಿಯರಿಗೆ ಗೌರವ ಕೊಡುತ್ತೇನೆ' ಎಂಬ ಉತ್ತರ ನಡೆಯದು. 'ತಕ್ಷಣ ಕಸಿದುಕೊಳ್ಳುತ್ತೇನೆ' ಎಂಬುದೂ ನಡೆಯದು. ಮೊದಲು ಕಂಡ ವ್ಯತ್ಯಾಸವನ್ನು ಅಂಕಿಯೊಂದಿಗೆ ಹೇಳಿ: ವೇಗ 20 ನಾಟ್ ಹೆಚ್ಚು, ಇಳಿಯುವ ದರ ನಿಮಿಷಕ್ಕೆ 1,000 ಅಡಿ ದಾಟಿದೆ. ಮೋಡದೊಳಗಾದರೆ 1,000 ಅಡಿ, ತಿಳಿ ಆಕಾಶದಲ್ಲಿ 500 ಅಡಿಗೆ ಸ್ಥಿರವಾಗಿಲ್ಲವೆಂದರೆ 'ಗೋ-ಅರೌಂಡ್' ಎಂದು ಸ್ಪಷ್ಟವಾಗಿ ಕೂಗಿ. ಉತ್ತರವಿಲ್ಲದಿದ್ದರೆ ಮತ್ತೊಮ್ಮೆ. ಆಗಲೂ ಇಲ್ಲದಿದ್ದರೆ ಕಂಪನಿಯ ನಿಯಮ ಹೇಳಿದಂತೆ 'ಐ ಹ್ಯಾವ್ ಕಂಟ್ರೋಲ್' ಎಂದು ತೆಗೆದುಕೊಳ್ಳುವುದು. ದೊಡ್ಡವರ ಎದುರು ದನಿ ತಗ್ಗಿಸುವುದನ್ನು ನಾವು ಮಕ್ಕಳಿಗೆ ಮನೆಯಲ್ಲಿ ಕಲಿಸುತ್ತೇವೆ. ಕಾಕ್‌ಪಿಟ್‌ನಲ್ಲಿ ಆ ಅಭ್ಯಾಸ ಬಿಡಬೇಕು, ಅದಕ್ಕೆ ಪ್ರಯತ್ನಪಟ್ಟು ತಯಾರಾಗಬೇಕು.

ಆಯ್ಕೆಯಾದ ಮೇಲೆ ಟೈಪ್ ರೇಟಿಂಗ್, ಖಾಲಿ ವಿಮಾನದಲ್ಲಿ ಟೇಕಾಫ್ ಲ್ಯಾಂಡಿಂಗ್, ನಂತರ ಪ್ರಯಾಣಿಕರೊಂದಿಗೆ ತರಬೇತಿ ಕ್ಯಾಪ್ಟನ್ ಪಕ್ಕದಲ್ಲಿ ಹಾರಾಟ, ಕೊನೆಗೆ ಬಿಡುಗಡೆಯ ಚೆಕ್. ಸಹಿ ಹಾಕುವ ಮುನ್ನ ಬಾಂಡ್ ಓದಿ: ಎಷ್ಟು ವರ್ಷ, ಎಷ್ಟು ಹಣ, ತರಬೇತಿಯಲ್ಲಿ ಫೇಲಾದರೆ ಯಾರ ಹೊಣೆ, ಸಂಬಳ ಯಾವ ದಿನದಿಂದ. ಬಿಡುವಾಗಿನ ನೋಟಿಸ್ ಅವಧಿ ಫಸ್ಟ್ ಆಫೀಸರ್‌ಗೆ 6 ತಿಂಗಳು ಎಂದು 2017ರ ಡಿಜಿಸಿಎ ನಿಯಮವಿದೆ.

ಕೊನೆಗೆ ಪೋಷಕರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳು. 'ಕಾಯುವ ಅವಧಿಗೆ ಎಷ್ಟು ಹಣ ಇಟ್ಟುಕೊಳ್ಳಬೇಕು?' 50 ಲಕ್ಷದ ಸಾಲಕ್ಕೆ ಶೇಕಡಾ 11ರ ಬಡ್ಡಿ ಎಂದುಕೊಂಡರೆ ವರ್ಷಕ್ಕೆ ಐದೂವರೆ ಲಕ್ಷ, ತಿಂಗಳಿಗೆ ಸುಮಾರು 46,000 ರೂಪಾಯಿ, ಬಡ್ಡಿ ಮಾತ್ರ. ಕಂತು ಶುರುವಾಗದಿದ್ದರೂ ಇದು ಬೆಳೆಯುತ್ತದೆ. ಅದರ ಮೇಲೆ ಐಆರ್, ಮೆಡಿಕಲ್, ಪ್ರಯಾಣ. ಕೋರ್ಸಿನ ಶುಲ್ಕವಷ್ಟೇ ಲೆಕ್ಕ ಹಾಕಿ ಸಾಲ ಮಾಡಿದವರು ಎರಡನೇ ವರ್ಷದ ಐಆರ್‌ಗೆ ಹಣವಿಲ್ಲದೆ, ಜಾಹೀರಾತು ಬಂದಾಗ ಅರ್ಹತೆಯೇ ಇಲ್ಲದೆ ಉಳಿಯುತ್ತಾರೆ. ಕನಿಷ್ಠ ಎರಡು ವರ್ಷದ ನವೀಕರಣದ ಖರ್ಚು ಮೊದಲೇ ಎತ್ತಿಡಿ.

'ಆ ಎರಡು ವರ್ಷ ಮಕ್ಕಳು ಏನು ಮಾಡಬೇಕು?' ಬೋಧಕ ರೇಟಿಂಗ್ ಮಾಡಿಕೊಂಡರೆ ಹಾರುತ್ತಲೇ ಇರುತ್ತಾರೆ, ಗಂಟೆಯೂ ಬೆಳೆಯುತ್ತದೆ. ಅದಾಗದಿದ್ದರೆ ಏರ್‌ಲೈನ್‌ನ ನೆಲದ ಕೆಲಸ, ಪದವಿ ಓದು, ಯಾವುದಾದರೂ ಸರಿ. ಸಂದರ್ಶನದಲ್ಲಿ ಖಾಲಿ ತಿಂಗಳುಗಳ ಬಗ್ಗೆ ಕೇಳಿಯೇ ಕೇಳುತ್ತಾರೆ.

'ಒಮ್ಮೆ ಸೋತರೆ ಮತ್ತೆ ಹಾಕಬಹುದೇ?' ಹಾಕಬಹುದು. ಎಷ್ಟು ತಿಂಗಳ ನಂತರ ಎಂಬುದು ಆಯಾ ಏರ್‌ಲೈನ್‌ನ ಪ್ರಕಟಣೆಯಲ್ಲಿರುತ್ತದೆ. ಹೊರಬಂದ ದಿನವೇ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಬಸ್ಸು ಊರು ತಲುಪುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ.